ಹೆಸರು ಕಳಚಿದ ಬರಹ: ಕನ್ನಡದ ಕಂಪ್ಯೂಟರ್ ಲೇಖನಗಳು ಮತ್ತು ಕೃತಿಚೌರ್ಯದ ಅನುಮಾನ



ದತ್ತಿ ಉಪನ್ಯಾಸ ಎಂದರೆ ವಚನ, ದಾಸಸಾಹಿತ್ಯ, ಪಂಪ, ಕುಮಾರವ್ಯಾಸ ಎಂಬ ರೂಢಿ ನಮ್ಮಲ್ಲಿದೆ. ಹುಲಿಗೆರೆ ಸೀಮೆಯಲ್ಲಂತೂ ಅದೇ ಸಹಜ. ನಾನು ಈ ಹೊತ್ತು ಆರಿಸಿಕೊಂಡಿರುವ ವಿಷಯ ಕಂಪ್ಯೂಟರಿನದು. ಅಂತರಜಾಲದಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಲೇಖನಗಳನ್ನು ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಎತ್ತಿ ತಮ್ಮ ಪುಟಕ್ಕೆ ಹಾಕಿಕೊಳ್ಳುತ್ತಾರೆ. ಯಾರದು ಮೂಲ, ಯಾರದು ನಕಲು ಎಂಬ ಅನುಮಾನ ಏಳುತ್ತದೆ. ಇದು ಬೆಂಗಳೂರಿನವರ ತಂಟೆ, ನಮಗೇನು ಎಂದು ಯಾರಿಗಾದರೂ ಅನ್ನಿಸಿದರೆ ಅವರಿಗಾಗಿಯೇ ಈ ಮಾತು. ಈ ನಕಲಿನ ಪೆಟ್ಟು ಎಲ್ಲರಿಗಿಂತ ಜೋರಾಗಿ ಬೀಳುವುದು ಅಡರಕಟ್ಟಿಯಂಥ ಊರಿನಲ್ಲಿ ಕೂತು ಕಲಿಯುವ ಹುಡುಗರಿಗೆ.

ಇಲ್ಲಿಂದ ಲಕ್ಷ್ಮೇಶ್ವರಕ್ಕೋ ಗದಗಿಗೋ ಬಸ್ಸಿನಲ್ಲಿ ಹೋಗಿ ಬಿಸಿಎ, ಡಿಪ್ಲೊಮಾ ಓದುವವರಿಗೆ ಕ್ಲಾಸಿನ ಪಾಠ ಇಂಗ್ಲಿಷಿನಲ್ಲಿ. ತಲೆಗೆ ಹತ್ತದ್ದನ್ನು ರಾತ್ರಿ ಮೊಬೈಲಿನಲ್ಲಿ ಕನ್ನಡದಲ್ಲಿ ಹುಡುಕುತ್ತಾರೆ. ಸಿಗುವುದೇ ಅಷ್ಟಿಷ್ಟು. ಆ ಅಷ್ಟಿಷ್ಟರಲ್ಲೂ ಒಂದೇ ಲೇಖನ ನಾಲ್ಕಾರು ಕಡೆ ಕಾಣುತ್ತದೆ. ಸಾಲು ಅವೇ, ಉದಾಹರಣೆ ಅವೇ. ಮೇಲೆ ಬರೆದವರ ಹೆಸರಿಲ್ಲ, ಕೆಳಗೆ ತಾರೀಖಿಲ್ಲ. ಅಲ್ಲಿದ್ದ ಕೋಡನ್ನು ತಂದು ಓಡಿಸಿದರೆ ಕೆಂಪು ಅಕ್ಷರದಲ್ಲಿ ತಪ್ಪು ಎಂದು ಬರುತ್ತದೆ. ಹುಡುಗ ತನಗೇ ಬುದ್ಧಿ ಸಾಲದು ಎಂದುಕೊಂಡು ಮೊಬೈಲ್ ಮಡಗಿ ಮಲಗುತ್ತಾನೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಪೈಥಾನ್ ಭಾಷೆಯಲ್ಲಿ 'ಲೆನ್' ಎಂಬ ಆಜ್ಞೆ ಇದೆ. ಕೊಟ್ಟ ಪದದ ಉದ್ದ ಹೇಳುವುದು ಅದರ ಕೆಲಸ. ಅದಕ್ಕೆ ನಮ್ಮ ಊರಿನ ಹೆಸರು 'ಅಡರಕಟ್ಟಿ' ಎಂದು ಕೊಡಿ. ನಮ್ಮ ಕಣ್ಣಿಗೆ ಕಾಣುವುದು 5 ಅಕ್ಷರ: ಅ, ಡ, ರ, ಕ, ಟ್ಟಿ. ಇವತ್ತಿನ ಪೈಥಾನ್ 8 ಎನ್ನುತ್ತದೆ. ಯೂನಿಕೋಡ್ ಲೆಕ್ಕದಲ್ಲಿ 'ಟ್ಟಿ' ಎಂಬಲ್ಲಿ 4 ಸಂಕೇತಗಳಿವೆ: ಒಂದು ಟ, ಹಲಂತದ ಗುರುತು, ಇನ್ನೊಂದು ಟ, ಗುಡಿಸು. ಹಳೆಯ ಪೈಥಾನ್ 2ಕ್ಕೆ ಇದೇ ಪದವನ್ನು ಸಾದಾ ರೀತಿಯಲ್ಲಿ ಕೊಟ್ಟರೆ 24 ಎನ್ನುತ್ತಿತ್ತು. ಅದು ಎಣಿಸುತ್ತಿದ್ದದ್ದು ಬೈಟ್‌ಗಳನ್ನು, ಮತ್ತು ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಪೈಥಾನ್ 3 ಬಂದದ್ದು 2008ರ ಡಿಸೆಂಬರಿನಲ್ಲಿ. ಅದರ ನಂತರವೂ ಎಷ್ಟೋ ವರ್ಷ ಜನ ಪೈಥಾನ್ 2ನ್ನೇ ಬಳಸಿದರು. ಅದಕ್ಕೆ ಅಧಿಕೃತ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ.

2009ರಲ್ಲಿ ಯಾರೋ ಒಬ್ಬರು ಕನ್ನಡದಲ್ಲಿ ಇದನ್ನು ಬರೆದರು, ಉತ್ತರ 24 ಎಂದು ಕೊಟ್ಟರು ಎನ್ನೋಣ. ಆ ದಿನಕ್ಕೆ ಅದು ಸರಿ. ಮುಂದೆ ಅವರು ತಮ್ಮ ಪುಟದಲ್ಲಿ 'ಪೈಥಾನ್ 3ರಲ್ಲಿ 8 ಬರುತ್ತದೆ, ಕಾರಣ ಇದು' ಎಂದು ಒಂದು ಪ್ಯಾರಾ ಸೇರಿಸುತ್ತಾರೆ. ಆದರೆ ನಡುವೆ ಅದನ್ನು ಎತ್ತಿಕೊಂಡು ಹೋದವರ ಪುಟಗಳಲ್ಲಿ 24 ಹಾಗೇ ಕೂತಿದೆ. ತಾರೀಖು ಕಿತ್ತಿರುವುದರಿಂದ ಅದು ಯಾವ ಕಾಲದ ಮಾತು ಎಂದು ಓದುವವರಿಗೆ ತಿಳಿಯುವುದಿಲ್ಲ. ಹೆಸರು ಕಿತ್ತಿರುವುದರಿಂದ ಕೇಳೋಣವೆಂದರೆ ಯಾರನ್ನು ಕೇಳುವುದು? ಹಾಕಿಕೊಂಡವರಿಗೆ ವಿಷಯ ಗೊತ್ತಿಲ್ಲ, ಗೊತ್ತಿದ್ದವರ ದಾರಿ ಮುಚ್ಚಿದೆ.

ಕೋಡ್‌ಗೆ ಇನ್ನೊಂದು ಗಾಯವೂ ಆಗುತ್ತದೆ. ಪೈಥಾನ್‌ನಲ್ಲಿ ಸಾಲಿನ ಆರಂಭದಲ್ಲಿ ಬಿಟ್ಟ ಖಾಲಿ ಜಾಗಕ್ಕೂ ಅರ್ಥವಿದೆ. ಯಾವ ಸಾಲು ಯಾವುದರ ಒಳಗೆ ಬರುತ್ತದೆ ಎಂಬುದನ್ನು ಆ ಜಾಗವೇ ಹೇಳುತ್ತದೆ. ಕಾಪಿ ಮಾಡಿ ವರ್ಡ್‌ಗೆ ಹಾಕಿ, ಅಲ್ಲಿಂದ ಇನ್ನೊಂದು ಪುಟಕ್ಕೆ ಅಂಟಿಸುವಾಗ ಆ ಜಾಗ ಕರಗಿಹೋಗುತ್ತದೆ. ನೆಟ್ಟಗಿದ್ದ ಉದ್ಧರಣ ಚಿಹ್ನೆಗಳು ಬಾಗಿಕೊಳ್ಳುತ್ತವೆ. ಮನುಷ್ಯರ ಕಣ್ಣಿಗೆ ಅದು ಚೆಂದ, ಯಂತ್ರಕ್ಕೆ ಅದು ಬೇರೆಯೇ ಅಕ್ಷರ. ಕಥೆಯನ್ನೋ ಕವಿತೆಯನ್ನೋ ಕದ್ದರೆ ಅದು ಕಥೆಯಾಗಿಯೇ ಉಳಿಯುತ್ತದೆ, ಓದುವವರಿಗೆ ರುಚಿ ಕೆಡುವುದಿಲ್ಲ. ಪ್ರೋಗ್ರಾಮಿಂಗ್ ಲೇಖನವನ್ನು ಅರ್ಥವಾಗದೆ ಎತ್ತಿದರೆ ಅದು ಕೆಟ್ಟೇ ಹೋಗುತ್ತದೆ. ಹೆಸರು, ತಾರೀಖು ಕಿತ್ತ ಬರಹ ಎಂಥದ್ದು ಎಂದು ಒಕ್ಕಲುತನದವರಿಗೆ ಹೇಳುವುದು ಸುಲಭ. ಶೇಂಗಾ ಬೀಜದ ಚೀಲಕ್ಕೆ ಒಂದು ಚೀಟಿ ಹೊಲಿದಿರುತ್ತದೆ, ತಳಿ ಯಾವುದು, ಲಾಟ್ ನಂಬರ್ ಎಷ್ಟು, ಮೊಳಕೆ ಪರೀಕ್ಷೆ ಆದದ್ದು ಯಾವಾಗ ಎಂದು. ಚೀಟಿ ಹರಿದ ಚೀಲ ತಂದು ಬಿತ್ತಿ, ಮೊಳಕೆ ಬರದಿದ್ದರೆ ಯಾವ ಅಂಗಡಿಗೂ ಹೋಗಿ ಕೇಳುವ ಹಾಗಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು. ನಕಲು ಮಾಡಿದ್ದರಿಂದ ಆಗುವ ಕೇಡಿಗಿಂತ, ಹೆಸರನ್ನೂ ತಾರೀಖನ್ನೂ ಕಳಚಿದ್ದರಿಂದ ಆಗುವ ಕೇಡು ದೊಡ್ಡದು. ಕನ್ನಡದಲ್ಲಿ ಅದು ಇನ್ನೂ ದೊಡ್ಡದು, ಯಾಕೆಂದರೆ ಕನ್ನಡದಲ್ಲಿ ತಂತ್ರಜ್ಞಾನ ಬರೆಯುವವರು ಕಡಿಮೆ, ಬರೆಯುವವರಿಗೆ ಸಿಗುವ ಹಣ ಅದಕ್ಕಿಂತ ಕಡಿಮೆ. ಅವರಿಗೆ ಸಿಗುವ ಸಂಭಾವನೆ ಬಹುಪಾಲು ಹೆಸರೊಂದೇ. ಅದನ್ನೂ ಕಿತ್ತುಕೊಂಡರೆ ಮುಂದಿನ ಲೇಖನ ಹುಟ್ಟುವುದಿಲ್ಲ. 1996ರಲ್ಲಿ 'ವಿಶ್ವಕನ್ನಡ'ವನ್ನು ಶುರುಮಾಡಿದ ಯು. ಬಿ. ಪವನಜ, 2005ರಲ್ಲಿ 'ಸಂಪದ'ವನ್ನು ಕಟ್ಟಿದ ಹರಿಪ್ರಸಾದ್ ನಾಡಿಗ್, 'ಇಜ್ಞಾನ'ದ ಟಿ. ಜಿ. ಶ್ರೀನಿಧಿ, ಇಂಥವರು ಲಾಭ ನೋಡಿ ಈ ಕೆಲಸಕ್ಕೆ ಇಳಿದವರಲ್ಲ. ಪವನಜ ಅವರು ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಲೋಗೋ ತಂತ್ರಾಂಶವನ್ನೇ ಕನ್ನಡಕ್ಕೆ ತಂದರು. ಆಜ್ಞೆಯನ್ನು ಕನ್ನಡದಲ್ಲೇ ಕೊಟ್ಟು ಪರದೆಯ ಮೇಲೆ ಆಮೆಯನ್ನು ಓಡಿಸಬಹುದು ಎಂಬುದು ಹಳ್ಳಿಯ ಮಗುವಿಗೆ ಎಷ್ಟು ದೊಡ್ಡ ಸಂಗತಿ!

ಇನ್ನು ಅನುಮಾನದ ಮಾತು. ಎರಡು ಲೇಖನ ಒಂದೇ ಥರ ಕಂಡ ಕೂಡಲೇ ಕಳ್ಳ ಎಂದು ಕೂಗಿದರೆ ಅದೂ ಅನ್ಯಾಯವೇ. ಒಂದೇ ವಿಷಯವನ್ನು ಇಬ್ಬರು ಪ್ರಾಮಾಣಿಕವಾಗಿ ಬರೆದರೂ ಕೆಲವು ಸಾಲು ಹೊಂದುತ್ತವೆ. ಒಂದರಿಂದ ಹತ್ತರವರೆಗೆ ಎಣಿಸುವ ಪ್ರೋಗ್ರಾಂ ಬರೆಯಲು ಇರುವ ದಾರಿಗಳೇ ಕೆಲವು. ನಮ್ಮ ಸುಪ್ರೀಂ ಕೋರ್ಟು 1978ರಲ್ಲಿ ಆರ್. ಜಿ. ಆನಂದ್ ಮೊಕದ್ದಮೆಯಲ್ಲಿ ಇದನ್ನೇ ಹೇಳಿತು. 'ಹಮ್ ಹಿಂದುಸ್ತಾನಿ' ಎಂಬ ತಮ್ಮ ನಾಟಕವನ್ನು ಕದ್ದು 'ನ್ಯೂ ಡೆಲ್ಲಿ' ಎಂಬ ಸಿನಿಮಾ ಮಾಡಿದ್ದಾರೆ ಎಂಬುದು ಆನಂದ್ ಅವರ ದೂರು. ವಿಚಾರದ ಮೇಲೆ ಯಾರಿಗೂ ಹಕ್ಕಿಲ್ಲ, ಅದನ್ನು ಹೇಳಿದ ಬಗೆಯ ಮೇಲೆ ಹಕ್ಕಿದೆ ಎಂದು ನ್ಯಾಯಾಲಯ ಗೆರೆ ಎಳೆಯಿತು. ದೂರು ಬಿದ್ದುಹೋಯಿತು. ಕೋಡ್ ವಿಚಾರದಲ್ಲಿ ಆ ಗೆರೆ ಇನ್ನೂ ಸೂಕ್ಷ್ಮ. ಗೂಗಲ್ ಮೇಲೆ ಒರಾಕಲ್ ಕಂಪನಿ ಹೂಡಿದ ದೊಡ್ಡ ಮೊಕದ್ದಮೆಯಲ್ಲಿ, ಸಾಲಿಗೆ ಸಾಲು ನಕಲಾಗಿದೆ ಎಂದು ಎತ್ತಿ ತೋರಿಸಿದ್ದರಲ್ಲಿ ಹೆಚ್ಚು ಸುದ್ದಿಯಾದದ್ದು 'ರೇಂಜ್‌ಚೆಕ್' ಎಂಬ 9 ಸಾಲಿನ ತುಣುಕು. 2012ರಲ್ಲಿ ಅದನ್ನು ವಿಚಾರಿಸಿದ ನ್ಯಾಯಾಧೀಶ ವಿಲಿಯಂ ಆಲ್ಸಪ್ ಸ್ವತಃ ಪ್ರೋಗ್ರಾಂ ಬರೆಯುವವರು. ಇಂಥ ತುಣುಕನ್ನು ತಾವೇ ಎಷ್ಟೋ ಸಲ ಬರೆದಿರುವುದಾಗಿ ಅವರು ನ್ಯಾಯಾಲಯದಲ್ಲೇ ಹೇಳಿದರು.

ಹಾಗಾದರೆ ನಕಲನ್ನು ಗುರುತಿಸುವುದು ಹೇಗೆ? ಸರಿಯಾದದ್ದು ಎಲ್ಲರಲ್ಲೂ ಒಂದೇ ಇರಬಹುದು. ತಪ್ಪು ಒಬ್ಬೊಬ್ಬರದು ಒಂದೊಂದು. ಆದ್ದರಿಂದ ನೋಡಬೇಕಾದದ್ದು ತಪ್ಪುಗಳನ್ನು ಮತ್ತು ಅಗತ್ಯವಿಲ್ಲದ ವಿವರಗಳನ್ನು. ಮೂಲದಲ್ಲಿ ಬಿದ್ದ ಕಾಗುಣಿತದ ತಪ್ಪು ನಕಲಿನಲ್ಲೂ ಅದೇ ಜಾಗದಲ್ಲಿ ಇದೆಯೇ? ಉದಾಹರಣೆಗೆ ಬಳಸಿದ ಊರಿನ ಹೆಸರು, ದನದ ಹೆಸರು, ತಂಗಿಯ ಹೆಸರು ಅವೇ ಇವೆಯೇ? ತೆರೆಯ ಚಿತ್ರದ ಮೂಲೆಯಲ್ಲಿ ಬರೆದವರ ಕಂಪ್ಯೂಟರಿನ ಬಳಕೆದಾರ ಹೆಸರು ಹಾಗೇ ಉಳಿದಿದೆಯೇ? ಲೇಖನದಲ್ಲಿ 'ಅಡರಕಟ್ಟಿ' ಎಂದು ಉದಾಹರಣೆ ಕೊಟ್ಟವರು ಮುಂಬೈಯಲ್ಲೋ ಮೈಸೂರಲ್ಲೋ ಇನ್ನೊಬ್ಬರು ಸಿಗುವುದು ಕಷ್ಟ.

ಕನ್ನಡಕ್ಕೆ ಇನ್ನೂ ಒಂದು ಸಾಕ್ಷಿ ಇದೆ, ಅದು ಕಣ್ಣಿಗೆ ಕಾಣುವುದೇ ಇಲ್ಲ. 'ಸಾಫ್ಟ್‌ವೇರ್' ಎಂದು ಸರಿಯಾಗಿ ಮೂಡಬೇಕಾದರೆ 'ಟ್' ಆದ ಮೇಲೆ, 'ವೇ' ಬರುವ ಮೊದಲು, ಒಂದು ಅದೃಶ್ಯ ಸಂಕೇತ ಒತ್ತಬೇಕು. ಇಲ್ಲದಿದ್ದರೆ ವ ಒತ್ತಕ್ಷರವಾಗಿ ಟಕಾರದ ಕೆಳಗೆ ಹೋಗಿ ಕೂರುತ್ತದೆ. ಆ ಸಂಕೇತಕ್ಕೆ ಝಡ್‌ಡಬ್ಲ್ಯೂಎನ್‌ಜೆ ಎನ್ನುತ್ತಾರೆ. ಕೆಲವರು ಅದನ್ನು ಎಲ್ಲೆಡೆ ಹಾಕುತ್ತಾರೆ, ಕೆಲವರು ಮರೆಯುತ್ತಾರೆ, ಕೆಲವರಿಗೆ ಬೇಡದ ಕಡೆಯೂ ಹಾಕುವ ಅಭ್ಯಾಸ. ಒಬ್ಬೊಬ್ಬರ ಟೈಪಿಂಗ್‌ನಲ್ಲಿ ಅದು ಬೀಳುವ ಜಾಗ ಬೇರೆ. ಕಾಪಿ ಮಾಡಿದಾಗ ಅಕ್ಷರದ ಜೊತೆ ಅದೂ ಮೌನವಾಗಿ ಬರುತ್ತದೆ. ಎರಡು ಲೇಖನಗಳಲ್ಲಿ ಈ ಕಾಣದ ಸಂಕೇತ ಅವೇ ಪದಗಳಲ್ಲಿ ಇದ್ದು ಅವೇ ಪದಗಳಲ್ಲಿ ತಪ್ಪಿಹೋಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಇದನ್ನು ಎಣಿಸಲು ನಾಲ್ಕು ಸಾಲಿನ ಪ್ರೋಗ್ರಾಂ ಸಾಕು, ನಮ್ಮ ಬಿಸಿಎ ಹುಡುಗರು ಬರೆಯಬಲ್ಲದ್ದು.

ವಿದ್ಯಾರ್ಥಿಗಳ ಕೋಡನ್ನು ಹೋಲಿಸಿ ನೋಡಲು 'ಮಾಸ್' ಎಂಬ ಸಾಧನ 1994ರಿಂದ ಇದೆ. ಅಲೆಕ್ಸ್ ಐಕನ್ ಎಂಬ ಪ್ರಾಧ್ಯಾಪಕರು ಮಾಡಿದ್ದು. ಚರಗಳ ಹೆಸರು ಬದಲಿಸಿ, ಖಾಲಿ ಸಾಲು ಸೇರಿಸಿ ಮರೆಮಾಚಿದರೂ ಅದು ಹಿಡಿಯುತ್ತದೆ. ಹಾಗಿದ್ದೂ ಅದನ್ನು ಮಾಡಿದವರೇ ಎಚ್ಚರಿಸುತ್ತಾರೆ, ಸಾಧನ ತೋರಿಸುವುದು ಹೋಲಿಕೆಯನ್ನು ಮಾತ್ರ, ತೀರ್ಮಾನ ಮನುಷ್ಯರೇ ಕಣ್ಣಿಟ್ಟು ನೋಡಿ ಕೊಡಬೇಕು ಎಂದು. ಶೇಕಡಾವಾರು ಅಂಕಿ ಕಂಡ ಕೂಡಲೇ ಶಿಕ್ಷೆ ಬರೆಯುವ ಮೇಷ್ಟ್ರುಗಳು ಇದನ್ನು ನೆನಪಿಡಬೇಕು.

ಕನ್ನಡದ ಕಂಪ್ಯೂಟರ್ ಲೋಕದಲ್ಲಿ ಇಂಥ ಅನುಮಾನ ಎದ್ದು ನಾಡೆಲ್ಲ ಚರ್ಚೆಯಾದ ಪ್ರಕರಣ ಒಂದಿದೆ. ಅದು ಲೇಖನದ್ದಲ್ಲ, ತಂತ್ರಾಂಶದ್ದು. ಆದರೆ ಪ್ರಶ್ನೆ ಅದೇ. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಬಂತು. ಉಚಿತವಾಗಿ ಹಂಚಿದರು, ದೇಶವಿದೇಶದ ಕನ್ನಡಿಗರು ಅದರಲ್ಲಿ ಬರೆದರು. ಆಮೇಲೆ ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ತಂತ್ರಾಂಶ ಸಿದ್ಧಪಡಿಸಿತು. ಮೊದಲು ಅದಕ್ಕೆ 'ಕಲಿತ' ಎಂಬ ಹೆಸರಿತ್ತು, ನಂತರ 'ನುಡಿ' ಆಯಿತು. ಇವತ್ತಿಗೂ ತಹಶೀಲ್ದಾರ್ ಕಚೇರಿಯಿಂದ ಗ್ರಾಮ ಪಂಚಾಯಿತಿಯವರೆಗೆ ಕಡತ ಬರೆಯುವವರಿಗೆ ಅದು ಗೊತ್ತು. 'ನುಡಿ'ಯ ಫಾಂಟ್‌ನ ಸಂಕೇತ ವ್ಯವಸ್ಥೆ ತಮ್ಮ 'ಬರಹ'ದಿಂದ ತೆಗೆದದ್ದು ಎಂದು ಶೇಷಾದ್ರಿವಾಸು ಬಹಿರಂಗವಾಗಿ ಆರೋಪಿಸಿದರು. ಪತ್ರಿಕೆಗಳಲ್ಲಿ, ಸಭೆಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಪೂರ್ಣಚಂದ್ರ ತೇಜಸ್ವಿಯವರು ಸರ್ಕಾರದ ತಂತ್ರಾಂಶ ನೀತಿಯನ್ನೇ ಪ್ರಶ್ನಿಸಿ ಗಟ್ಟಿಯಾಗಿ ದನಿ ಎತ್ತಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 'ಕುವೆಂಪು ಕನ್ನಡ ತಂತ್ರಾಂಶ' ಹೊರಬಂದದ್ದರ ಹಿಂದೆ ಅವರ ಒತ್ತಾಸೆ ಇತ್ತು.

ಆರೋಪದ ತಿರುಳು ಏನೆಂದು ತಿಳಿಯಲು ಆ ಕಾಲದ ಫಾಂಟ್‌ಗಳ ಒಳಗೆ ಇಣುಕಬೇಕು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಒಂದು ಫಾಂಟ್‌ನಲ್ಲಿ ಇದ್ದದ್ದು 256 ಮನೆಗಳು. ಅವುಗಳಲ್ಲಿ ಎಲ್ಲವೂ ಬಳಕೆಗೆ ಸಿಗುತ್ತಿರಲಿಲ್ಲ. ಆ ಮನೆಗಳಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಎಬ್ಬಿಸಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು. ಇಡೀ ಅಕ್ಷರ ಹಿಡಿಸದು, ಆದ್ದರಿಂದ ತಲೆಕಟ್ಟು ಒಂದು ಮನೆಗೆ, ಒತ್ತು ಒಂದು ಮನೆಗೆ, ಅರ್ಕಾವತ್ತು ಇನ್ನೊಂದಕ್ಕೆ. ಯಾವ ತುಂಡು ಯಾವ ಮನೆಗೆ ಎಂಬುದು ಮಾಡಿದವರ ಇಷ್ಟ. ಆದ್ದರಿಂದಲೇ ಒಂದು ಕಂಪನಿಯ ಫಾಂಟ್‌ನಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿತ್ತಾರ ಬರುತ್ತಿತ್ತು. ಇಬ್ಬರು ಪರಸ್ಪರ ನೋಡದೆ ನೂರಾರು ತುಂಡುಗಳನ್ನು ಅವೇ ಮನೆಗಳಲ್ಲಿ ಕೂರಿಸುವುದು ಅಸಾಧ್ಯವೆಂದೇ ಹೇಳಬೇಕು. 'ಬರಹ'ದ ಹಳೆಯ ಕಡತವನ್ನು 'ನುಡಿ'ಯ ಫಾಂಟ್‌ನಲ್ಲಿ ತೆರೆಯಬಹುದು, ಅದು ಓದಲು ಬರುತ್ತದೆ. ಇವತ್ತು ಹಳೆಯ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಲ್ಲೂ 'ನುಡಿ ಅಥವಾ ಬರಹ' ಎಂದು ಒಂದೇ ಗುಂಡಿ ಇರುತ್ತದೆ.

ಹಾಗೆಂದು ತೀರ್ಪು ಇಷ್ಟಕ್ಕೇ ಮುಗಿಯುವುದಿಲ್ಲ. ಬೇರೆ ಬೇರೆ ತಂತ್ರಾಂಶಗಳ ನಡುವೆ ಕಡತ ಓಡಾಡಲಿ ಎಂದು ಸರ್ಕಾರ ಒಂದು ಶಿಷ್ಟ ಸಂಕೇತಪಟ್ಟಿಯನ್ನು ಗೊತ್ತುಮಾಡಿತು. ಶಿಷ್ಟತೆಯನ್ನು ಪಾಲಿಸಿದ ಎಲ್ಲರ ಫಾಂಟ್‌ಗಳೂ ಒಂದೇ ಥರ ಇರಲೇಬೇಕು, ಅದಕ್ಕಾಗಿಯೇ ಶಿಷ್ಟತೆ ಇರುವುದು. ಆದ್ದರಿಂದ ಎರಡೂ ಒಂದೇ ಇವೆ ಎಂಬ ಮಾತಿನಿಂದ ಕಳ್ಳತನ ಸಿದ್ಧವಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದಕ್ಕೂ ಹಿಂದಿನದು: ಆ ಪಟ್ಟಿಯನ್ನು ಮೊದಲು ಹಾಕಿದವರು ಯಾರು, ಯಾವಾಗ, ಅದನ್ನು ಎಲ್ಲಿ ಬರೆದಿಟ್ಟಿದ್ದಾರೆ? ತಂತ್ರಾಂಶ ತೆರೆದ ಕೂಡಲೇ ಕಾಣುವಂತೆ, ಈ ಸಂಕೇತಪಟ್ಟಿಯ ಮೂಲ ಇಂಥದು, ಇಂಥವರ ಕೆಲಸದ ಮೇಲೆ ಇಷ್ಟು ಸೇರಿಸಿದ್ದೇವೆ ಎಂಬ ಎರಡು ಸಾಲು ಇದ್ದರೆ ವರ್ಷಗಟ್ಟಲೆ ಜಗಳದ ಅಗತ್ಯವಿರುತ್ತಿರಲಿಲ್ಲ ಎಂದು ನನ್ನ ದೃಢವಾದ ಅಭಿಪ್ರಾಯ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಇದೆ. ನಮ್ಮವರ ಶಕ್ತಿ ಅದನ್ನು ಊರೂರಿಗೆ ತಲುಪಿಸುವುದಕ್ಕೆ ಬೇಕಾಗಿತ್ತು. ಆ ಶಕ್ತಿ ವಾದದಲ್ಲಿ ಕಳೆದದ್ದು ನನಗೆ ಇವತ್ತಿಗೂ ಸಂಕಟದ ವಿಷಯ.

ಕೀಲಿಮಣೆಯ ಮಾತೂ ಇಲ್ಲೇ ಬರುತ್ತದೆ. ಲಕ್ಷ್ಮೇಶ್ವರದ ಯಾವುದೇ ಡಿಟಿಪಿ ಅಂಗಡಿಗೆ ಹೋಗಿ ಟೈಪ್ ಮಾಡುವವರ ಬೆರಳು ನೋಡಿ. 'ಕೆ' ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ 'ಎಫ್'. 'ಕಟ್ಟಿ' ಎನ್ನುವಲ್ಲಿ ಆ ಬೆರಳು 'ಎಫ್' ಕಡೆಗೆ ತಾನಾಗಿ ಹೋಗುತ್ತದೆ. ಇದು ಯಾವ ಕೀಲಿಮಣೆ ಎಂದು ಕೇಳಿದರೆ 'ನುಡಿ ಕೀಬೋರ್ಡ್' ಎನ್ನುತ್ತಾರೆ. ಲಿನಕ್ಸ್‌ನ ಪಟ್ಟಿಯಲ್ಲಿ ಅದರ ಹೆಸರು 'ಕೆಜಿಪಿ', ಅಂದರೆ ಕನ್ನಡ ಗಣಕ ಪರಿಷತ್ತು. ಈ ವಿನ್ಯಾಸದ ಮೂಲ ಕೆ. ಪಿ. ರಾವ್, ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಪದ್ಮನಾಭ ರಾಯರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು 'ಸೇಡಿಯಾಪು' ಎಂದು ಕರೆದವರು ಅವರು. ಕನ್ನಡದ ಅಕ್ಷರಗಳನ್ನು ಉಚ್ಚಾರಣೆಯ ತರ್ಕದಿಂದ ಇಂಗ್ಲಿಷ್ ಕೀಲಿಮಣೆಯ ಮೇಲೆ ಕೂರಿಸಿ, ಅದನ್ನು ನಾಡಿಗೆ ಬಿಟ್ಟುಕೊಟ್ಟರು. ಸರ್ಕಾರ ಕೆಲವು ಬದಲಾವಣೆಯೊಡನೆ ಅದನ್ನೇ ಶಿಷ್ಟ ಕೀಲಿಮಣೆ ಮಾಡಿತು. ರಾಯರನ್ನು ನಾಡು ಗೌರವಿಸಿದೆ, ಅವರ ಹೆಸರು ಬಲ್ಲವರಿಗೆ ಗೊತ್ತಿದೆ. ಆದರೆ ದಿನಕ್ಕೆ ಸಾವಿರಾರು ಸಲ ಆ ಕೀಲಿ ಒತ್ತುವವರಿಗೆ ಗೊತ್ತಿಲ್ಲ. ಯಾರೂ ಕದಿಯದೆಯೂ ಹೆಸರು ಕಳಚಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ನಕಲು ಎನ್ನುವುದು ನಮಗೆ ಹೊಸದಲ್ಲ. ಇಲ್ಲೇ ಲಕ್ಷ್ಮೇಶ್ವರದ ಶಂಖ ಬಸದಿಯ ಒಂದು ದೊಡ್ಡ ಕಲ್ಲನ್ನು ಜೆ. ಎಫ್. ಫ್ಲೀಟ್ 1870ರ ದಶಕದಲ್ಲಿ ಓದಿ ಪ್ರಕಟಿಸಿದರು. ಅದರಲ್ಲಿ ಗಂಗರ ಮಾರಸಿಂಹನ ಶಕ 890ರ ಶಾಸನವಿದೆ. ಅದೇ ಕಲ್ಲಿನ ಕೆಳಭಾಗದಲ್ಲಿ ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ಶಕ 656ರ ಶಾಸನವೂ ಇದೆ. ನಡುವಿನ ಅಂತರ 234 ವರ್ಷ, ಲಿಪಿ ಮಾತ್ರ ಒಂದೇ, ಅದೂ ಈಚಿನದು. ಅಂದರೆ ಹಳೆಯ ದಾನಪತ್ರಗಳನ್ನು ಯಾರೋ ನಂತರದ ಕಾಲದಲ್ಲಿ ಕಲ್ಲಿಗೆ ಇಳಿಸಿದ್ದಾರೆ. ಬಸದಿಯ ಹಕ್ಕು ಉಳಿಯಲಿ ಎಂದು ನಿಜವಾದ ತಾಮ್ರಪಟವನ್ನು ನಂಬಿಗೆಯಿಂದ ನಕಲಿಸಿದರೋ, ಇಲ್ಲದ ಹಕ್ಕನ್ನು ಹುಟ್ಟಿಸಲು ಬರೆದರೋ ಎಂದು ವಿದ್ವಾಂಸರು ವಾದಿಸುತ್ತಲೇ ಬಂದಿದ್ದಾರೆ. ನಕಲು ಮಾಡಿದವರು ಯಾರು, ಯಾವ ಮೂಲದಿಂದ, ಯಾವಾಗ ಎಂಬುದು ಕಲ್ಲಿನ ಮೇಲೆ ಇದ್ದಿದ್ದರೆ ಚಾಲುಕ್ಯರ ಇತಿಹಾಸ ಬರೆಯುವವರಿಗೆ ಅದು ಸಂಶಯವಿಲ್ಲದ ಆಧಾರವಾಗುತ್ತಿತ್ತು.

ಇದೇ ಜಿಲ್ಲೆಯಲ್ಲಿ ಇದಕ್ಕೆ ಎದುರಾದ ಉದಾಹರಣೆಯೂ ಇದೆ. ರೋಣ ತಾಲ್ಲೂಕಿನ ಸವಡಿಯ ದುರ್ಗಸಿಂಹ 1031ರಲ್ಲಿ ಕನ್ನಡದಲ್ಲಿ ಪಂಚತಂತ್ರ ಬರೆದ. ಕಥೆ ತನ್ನದಲ್ಲ ಎಂದು ಅವನು ಮುಚ್ಚಿಡಲಿಲ್ಲ. ಗುಣಾಢ್ಯನ ಪೈಶಾಚೀ ಭಾಷೆಯ ಬೃಹತ್ಕಥೆ, ಅದರಿಂದ ವಸುಭಾಗಭಟ್ಟ ಆರಿಸಿಕೊಂಡು ಸಂಸ್ಕೃತದಲ್ಲಿ ಹೇಳಿದ್ದು, ಅದನ್ನು ತಾನು ಕನ್ನಡಕ್ಕೆ ತಂದದ್ದು, ಹೀಗೆ ಸರಪಳಿಯನ್ನು ಪೂರ್ತಿ ಹೇಳಿದ. ವಸುಭಾಗನ ಸಂಸ್ಕೃತ ಗ್ರಂಥ ಇವತ್ತು ಉಳಿದಿಲ್ಲ. ವಿಷ್ಣುಶರ್ಮನ ಪಂಚತಂತ್ರಕ್ಕಿಂತ ಬೇರೆಯಾದ ಅಂಥದೊಂದು ಪರಂಪರೆ ಇತ್ತು ಎಂದು ಲೋಕಕ್ಕೆ ತಿಳಿದದ್ದಕ್ಕೆ ಸವಡಿಯ ಈ ಕವಿಯ ಮಾತು ಮುಖ್ಯ ಆಧಾರ. ಜಾವಾ ದ್ವೀಪದ 'ತಂತ್ರಿ' ಕಥೆಗಳಿಗೂ ಈ ಪರಂಪರೆಗೂ ಇರುವ ನಂಟನ್ನು ಎ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ಬೆನ್ನಟ್ಟಲು ಸಾಧ್ಯವಾದದ್ದೂ ಅದರಿಂದಲೇ. ಗ್ರಂಥ ಕಳೆದುಹೋದರೂ ಕರ್ತೃವಿನ ಹೆಸರು ಸಾವಿರ ವರ್ಷ ಉಳಿದಿದೆ, ಎತ್ತಿಕೊಂಡವನು ಅದನ್ನು ಹೇಳಿದ ಕಾರಣಕ್ಕೆ.

ಹೊರಗಿನ ಲೋಕದಲ್ಲೂ ಜಗಳ ಇದೇ ಬಿಂದುವಿಗೆ ಬಂದು ನಿಲ್ಲುತ್ತದೆ. ಪ್ರೋಗ್ರಾಂ ಬರೆಯುವವರ ಪ್ರಶ್ನೋತ್ತರ ತಾಣ 'ಸ್ಟಾಕ್ ಓವರ್‌ಫ್ಲೋ' 2008ರಲ್ಲಿ ಶುರುವಾಯಿತು. ಅಲ್ಲಿನ ಉತ್ತರಗಳನ್ನು ಯಾರು ಬೇಕಾದರೂ ನಕಲು ಮಾಡಬಹುದು, ಬರೆದವರ ಹೆಸರನ್ನೂ ಮೂಲದ ಕೊಂಡಿಯನ್ನೂ ಕೊಡಬೇಕು ಎಂಬುದು ಮುಖ್ಯ ಷರತ್ತು. ಅದನ್ನೂ ಗಾಳಿಗೆ ತೂರಿದ ನಕಲು ತಾಣಗಳು ಹುಟ್ಟಿಕೊಂಡವು. ಗೂಗಲ್‌ನಲ್ಲಿ ಹುಡುಕಿದರೆ ಮೂಲಕ್ಕಿಂತ ಮೇಲೆ ನಕಲೇ ಬರುವಂತಾಯಿತು. 2011ರ ಜನವರಿಯಲ್ಲಿ ಸಂಸ್ಥಾಪಕರಲ್ಲಿ ಒಬ್ಬರಾದ ಜೆಫ್ ಆಟ್‌ವುಡ್ ಇದರ ಬಗ್ಗೆ ಬಹಿರಂಗವಾಗಿ ಬರೆದರು. ಅದೇ ತಿಂಗಳು ಗೂಗಲ್ ತನ್ನ ಹುಡುಕಾಟದ ಕ್ರಮವನ್ನು ತಿದ್ದಿತು. ಕನ್ನಡದ ಲೇಖಕರಿಗೆ ಅಷ್ಟು ದೊಡ್ಡ ದನಿ ಇಲ್ಲ.

ಆದರೆ ಕಾನೂನು ಇದೆ, ಅದನ್ನು ತಿಳಿದಿರಬೇಕು. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಲೇಖನಕ್ಕೆ ಇರುವ ರಕ್ಷಣೆ ಕೋಡ್‌ಗೂ ಉಂಟು, ಲೇಖಕರ ಜೀವಿತಕಾಲ ಮತ್ತು ಅವರ ನಂತರ 60 ವರ್ಷ. ಅದರ 57ನೆಯ ಕಲಮನ್ನು ಬರೆಯುವವರೆಲ್ಲ ಓದಬೇಕು. ಹಕ್ಕನ್ನು ಪೂರ್ತಿ ಮಾರಿದ ಮೇಲೂ, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ ಬರೆದವರಲ್ಲೇ ಉಳಿಯುತ್ತದೆ ಎಂದು ಅದು ಹೇಳುತ್ತದೆ. 2013ರ ನಿಯಮಗಳ ಪ್ರಕಾರ ನಕಲು ಪುಟಕ್ಕೆ ಜಾಗ ಕೊಟ್ಟವರಿಗೆ ಲಿಖಿತ ದೂರು ಕೊಟ್ಟರೆ, ದೂರಿನಲ್ಲಿ ಹುರುಳಿದೆ ಎಂದು ಕಂಡಾಗ ಅವರು 36 ಗಂಟೆಯೊಳಗೆ ಆ ಪುಟ ಸಿಗದಂತೆ ಮಾಡಬೇಕು. 21 ದಿನದೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಅವರು ಅದನ್ನು ಮತ್ತೆ ತೆರೆಯಬಹುದು. ಬಡ ಲೇಖಕರಿಗೆ 21 ದಿನದಲ್ಲಿ ವಕೀಲರನ್ನು ಹಿಡಿದು ಆದೇಶ ತರುವುದು ಎಲ್ಲಿಯ ಮಾತು? ಈ ಭಾಗ ತಿದ್ದುಪಡಿಯಾಗಬೇಕು ಎಂದು ನಾನು ನಂಬುತ್ತೇನೆ. ಕಾಲೇಜುಗಳಿಗೆ ಯುಜಿಸಿಯ 2018ರ ನಿಯಮಾವಳಿ ಇದೆ. ಅದು ಸಂಶೋಧನಾ ಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಯನ್ನು ಬಿಟ್ಟು, ಮೇಲಿನದಕ್ಕೆ ಹಂತಹಂತವಾಗಿ ಶಿಕ್ಷೆ ಹೇಳುತ್ತದೆ. ಡಿಗ್ರಿ ಹುಡುಗರ ಪ್ರಾಜೆಕ್ಟ್ ವರದಿಗಳು ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುವುದನ್ನು ತಡೆಯಲು ಅಂಕಿಯ ನಿಯಮ ಸಾಲದು. ಎದುರು ಕೂರಿಸಿಕೊಂಡು 'ಈ ಸಾಲು ಯಾಕೆ ಬರೆದೆ, ತಮ್ಮಾ?' ಎಂದು ಕೇಳುವ ಗುರುಗಳು ಬೇಕು.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಅದಕ್ಕೆ ಸಾವಿರಾರು ಜನ ಬರೆದ ಕೋಡ್ ಉಣಿಸಿದ್ದಾರೆ. ಕೇಳಿದರೆ ಅದು ಬೇರೆ ಮಾತಿನಲ್ಲಿ, ಯಾರ ಹೆಸರೂ ಇಲ್ಲದೆ ಕೊಡುತ್ತದೆ. ತಮ್ಮ ಪರವಾನಗಿಯ ಷರತ್ತು ಮುರಿದಿದ್ದಾರೆಂದು 2022ರ ನವೆಂಬರಿನಲ್ಲಿ ಅಮೆರಿಕದ ಕೆಲವು ಪ್ರೋಗ್ರಾಮರ್‌ಗಳು ಗಿಟ್‌ಹಬ್ ಕೋಪೈಲಟ್ ಎಂಬ ಇಂಥದೇ ಸಾಧನದ ವಿಚಾರದಲ್ಲಿ ಮೊಕದ್ದಮೆ ಹೂಡಿದರು. ಕಾಣದ ಸಂಕೇತದಿಂದ ನಕಲು ಹಿಡಿಯುವ ನಮ್ಮ ಉಪಾಯ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಮೂಲ ಹೇಳುವ ಹೊಣೆ ಬಳಸಿದವರ ಮೇಲೆ ಹಿಂದೆಂದಿಗಿಂತ ಹೆಚ್ಚು ಬೀಳುತ್ತದೆ.

ಕೊನೆಗೆ ಇಲ್ಲಿರುವ ವಿದ್ಯಾರ್ಥಿಗಳಿಗೆ ನೇರವಾಗಿ ಕೆಲವು ಮಾತು. ನೀವು ಕಲಿತದ್ದನ್ನು ಕನ್ನಡದಲ್ಲಿ ಬರೆಯಿರಿ, ಸಣ್ಣದಾದರೂ ಸರಿ. ಬೇರೆಯವರದು ತೆಗೆದುಕೊಂಡರೆ ಮೂಲ ಬರೆದವರು, ಅವರು ಬರೆದ ತಾರೀಖು, ಯಾವ ಆವೃತ್ತಿಯ ಭಾಷೆ, ನೀವು ಬದಲಿಸಿದ್ದೇನು ಎಂಬುದನ್ನು ಲೇಖನದ ತಲೆಯ ಮೇಲೇ ಹಾಕಿ. ಪರವಾನಗಿ ಇಲ್ಲದಿದ್ದರೆ ಒಂದು ಮೇಲ್ ಕಳಿಸಿ ಕೇಳಿ. ಕನ್ನಡದಲ್ಲಿ ಬರೆಯುವವರು ಬೇಡ ಎನ್ನುವುದು ಬಹಳ ಅಪರೂಪ. ನಿಮ್ಮದೇ ಲೇಖನ ಇನ್ನೊಂದು ಕಡೆ ಕಂಡರೆ ಮೊದಲು ಇಂಟರ್ನೆಟ್ ಆರ್ಕೈವ್‌ನಲ್ಲಿ ಎರಡೂ ಪುಟಗಳನ್ನು ಉಳಿಸಿ, ತಾರೀಖಿನ ಸಾಕ್ಷಿ ಅಲ್ಲಿ ಸಿಗುತ್ತದೆ. ಪುಟದ ಮೇಲೆ ಮುದ್ರಿತವಾದ ತಾರೀಖನ್ನು ಯಾರು ಬೇಕಾದರೂ ಹಿಂದಕ್ಕೆ ಹಾಕಬಹುದು. ಆಮೇಲೆ ಹಾಕಿಕೊಂಡವರಿಗೊಂದು ಪತ್ರ ಬರೆಯಿರಿ, ಬೈಗುಳವಿಲ್ಲದೆ, ಹೊಂದುವ ಸಾಲುಗಳನ್ನು ಎದುರುಬದುರು ಇಟ್ಟು. ಒಂದು ವಾರ ಕಾಯಿರಿ. ಉತ್ತರ ಬರದಿದ್ದರೆ ಜಾಗ ಕೊಟ್ಟವರಿಗೆ ದೂರು ಕೊಡಿ. ಉತ್ತರ ಬಂದು ಅವರು ಹೆಸರು ಹಾಕಲು ಒಪ್ಪಿದರೆ, ಲೇಖನ ಅಳಿಸಿ ಎಂದು ಹಟ ಹಿಡಿಯಬೇಡಿ. ಹೆಸರಿನ ಜೊತೆ ನಿಮ್ಮ ತಿದ್ದಿದ ಆವೃತ್ತಿಯ ಕೊಂಡಿಯನ್ನೂ ಅಲ್ಲಿ ಹಾಕಿಸಿ, 24 ಎಂದು ಓದಿದ ಹುಡುಗಿ ಅದನ್ನು ಒತ್ತಿ 8ಕ್ಕೆ ಬರಲಿ.